ಅಳತೆಗೆ ಬಂದವರನ್ನು ಒಳಗೆ ಬಿಡಬೇಕೇ?

ಪ್ರಶ್ನೆ: ಈ ಸಲ ನಮ್ಮ ಮನೆ ಕಂದಾಯ ಏಕಾಏಕಿ ಏರಿದೆ. ಹತ್ತು ವರ್ಷದಿಂದ ನಾವು ಮನೆಗೆ ಒಂದು ಇಟ್ಟಿಗೆಯನ್ನೂ ಸೇರಿಸಿಲ್ಲ. ಪಕ್ಕದ ಮನೆ ಹೆಚ್ಚುಕಡಿಮೆ ನಮ್ಮದೇ ಅಳತೆಯದು, ಆದರೂ ಅವರು ಕಟ್ಟುವುದು ನಮಗಿಂತ ಕಡಿಮೆ. ಇದರ ಮೇಲೆ, ಸ್ಥಳ ಪರಿಶೀಲನೆಗೆ ಬರುತ್ತೇವೆಂದು ಸ್ಥಳೀಯ ಆಡಳಿತದಿಂದ ಪತ್ರ ಬಂದಿದೆ. ಒಳಗೆ ಬಿಡಲೇಬೇಕೇ? ಬಿಟ್ಟರೆ ಕಂದಾಯ ಇನ್ನಷ್ಟು ಏರುತ್ತದೆಯೇ? ಇಷ್ಟಕ್ಕೂ ಈ ಲೆಕ್ಕವನ್ನು ಹೇಗೆ ಹಾಕುತ್ತಾರೆ?

ಉತ್ತರ: ನಿಮ್ಮ ಪತ್ರದಲ್ಲಿ ಊರಿನ ಹೆಸರಿಲ್ಲ. ಪರವಾಗಿಲ್ಲ. ದರ, ಗಡುವು, ಅರ್ಜಿಯ ನಮೂನೆ ಎಲ್ಲ ಊರಿಂದೂರಿಗೆ ಬೇರೆ. ಕಂದಾಯ ನಿಗದಿಯಾಗುವ ಬಗೆ ಮಾತ್ರ ಎಲ್ಲೆಡೆ ಹತ್ತಿರಹತ್ತಿರ ಒಂದೇ.

ಲೆಕ್ಕ ಹಾಕಿದವರು ನಿಮ್ಮ ಮನೆಯನ್ನು ನೋಡಿ ಹಾಕಿರುವುದಿಲ್ಲ, ಇದನ್ನು ಮೊದಲು ತಿಳಿದುಕೊಳ್ಳಿ. ಅವರ ಮುಂದಿರುವುದು ಒಂದು ಹಾಳೆ, ಈಗಿನ ಕಾಲಕ್ಕೆ ಕಂಪ್ಯೂಟರಿನ ಒಂದು ಪುಟ. ನಿವೇಶನದ ಅಳತೆ, ಕಟ್ಟಡದ ವಿಸ್ತೀರ್ಣ, ಎಷ್ಟು ಮಹಡಿ, ಕಟ್ಟಿದ ವರ್ಷ, ಚಾವಣಿ ಯಾವುದರದ್ದು, ಸ್ವಂತ ವಾಸವೋ ಬಾಡಿಗೆಯೋ ಅಂಗಡಿಯೋ, ಇಷ್ಟು ಅದರಲ್ಲಿರುತ್ತದೆ. ಪುಟದಲ್ಲಿ ಎರಡು ಮಹಡಿ ಎಂದು ಬರೆದಿದ್ದರೆ ಕಂದಾಯದ ಮಟ್ಟಿಗೆ ನಿಮ್ಮದು ಎರಡು ಮಹಡಿಯ ಮನೆಯೇ. ಸ್ಥಳ ಪರಿಶೀಲನೆ ಎಂದರೆ ಆ ಪುಟವನ್ನೂ ನಿಮ್ಮ ಮನೆಯನ್ನೂ ತಾಳೆ ನೋಡುವ ಕೆಲಸ. ಅವರು ಬರುವುದಕ್ಕೆ ಮುಂಚೆ ನೀವೇ ಕಚೇರಿಗೆ ಹೋಗಿ ಆ ಪುಟದ ಪ್ರತಿ ಪಡೆದು ತಾಳೆ ನೋಡಿಕೊಳ್ಳಿ. ಇಷ್ಟು ವರ್ಷಗಳಲ್ಲಿ ತಕರಾರು ಹೊತ್ತು ನನ್ನ ಮೇಜಿನ ಮುಂದೆ ಕೂತವರಲ್ಲಿ ಮುಕ್ಕಾಲು ಪಾಲು ಜನ ಅದನ್ನು ಕಣ್ಣಿಂದಲೂ ನೋಡಿರಲಿಲ್ಲ.

ನಾನು ಟೇಪು ಹಿಡಿದು ಮನೆಮನೆ ತಿರುಗುತ್ತಿದ್ದ ದಿನಗಳಲ್ಲಿ ಒಬ್ಬ ಹಿರಿಯರು ಹಿತ್ತಲಿನ ತಗಡಿನ ಶೆಡ್ಡೊಂದಕ್ಕೆ ವರ್ಷಾನುಗಟ್ಟಲೆ ಕಂದಾಯ ಕಟ್ಟುತ್ತಿದ್ದುದನ್ನು ಕಂಡೆ. ಶೆಡ್ಡು ಯಾವುದೋ ಗಾಳಿಮಳೆಗೆ ಬಿದ್ದುಹೋಗಿತ್ತು. ಪುಟದಲ್ಲಿ ಮಾತ್ರ ಗಟ್ಟಿಯಾಗಿ ನಿಂತಿತ್ತು. ಅವರು ಪ್ರತಿ ವರ್ಷ ಕಚೇರಿಗೆ ಬಂದು "ಕಂದಾಯ ಜಾಸ್ತಿಯಾಯಿತು" ಎಂದು ಜಗಳವಾಡಿ ಹೋಗುತ್ತಿದ್ದರು. "ಶೆಡ್ಡು ಇಲ್ಲ" ಎಂದು ಒಮ್ಮೆಯೂ ಹೇಳಿರಲಿಲ್ಲ, ಅದು ಲೆಕ್ಕದಲ್ಲಿದೆ ಎಂಬುದೇ ಗೊತ್ತಿರಲಿಲ್ಲವಲ್ಲ.

ಪುಟದಿಂದ ತೆರಿಗೆಗೆ ಹೋಗುವ ದಾರಿಗಳು ಮೂರು. ಹಳೆಯದು ಬಾಡಿಗೆಯ ದಾರಿ. ಈ ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬಂದೀತು ಎಂಬ ಅಂದಾಜಿನ ಮೇಲೆ ತೆರಿಗೆ. ಬ್ರಿಟನ್ನಿನಲ್ಲಿದ್ದ ಈ ಪದ್ಧತಿ ಭಾರತದ ನಗರಸಭೆಗಳಿಗೂ ಬಂತು. ಬಾಡಿಗೆ ನಿಯಂತ್ರಣ ಕಾಯ್ದೆ ಇದ್ದ ಊರುಗಳಲ್ಲಿ ಮೌಲ್ಯವು ಓಬೀರಾಯನ ಕಾಲದ ಬಾಡಿಗೆಗೆ ಅಂಟಿಕೊಂಡಿತು. ಇಲ್ಲದ ಕಡೆ ಎಲ್ಲವೂ ಅಧಿಕಾರಿಯ ಅಂದಾಜಿಗೆ ಬಿಟ್ಟದ್ದಾಯಿತು, ಅಂದಾಜು ಇದ್ದಲ್ಲಿ ಚೌಕಾಸಿ ಇದ್ದೇ ಇರುತ್ತದೆ. ಅದರಿಂದ ತಪ್ಪಿಸಿಕೊಳ್ಳಲು ಹುಡುಕಿದ್ದು ವಿಸ್ತೀರ್ಣದ ದಾರಿ: ಈ ವಲಯದಲ್ಲಿ, ಈ ಬಗೆಯ ಕಟ್ಟಡಕ್ಕೆ ಚದರಡಿಗೆ ಇಷ್ಟು. ಪಟ್ನಾ 1993ರಲ್ಲಿ ಇದಕ್ಕೆ ಬದಲಾಯಿತು, ದೆಹಲಿ 2004ರಲ್ಲಿ, ಬೆಂಗಳೂರು 2008ರಲ್ಲಿ. ಪೋಲೆಂಡಿನಲ್ಲೂ ಮನೆಗಳಿಗೆ ಚದರ ಮೀಟರಿನ ಲೆಕ್ಕವೇ. ಮೂರನೆಯದು ಮಾರುಕಟ್ಟೆ ಬೆಲೆಯ ದಾರಿ, ಅಮೆರಿಕ ಮತ್ತು ಕೆನಡಾಗಳದ್ದು. 2010ರಿಂದ ಮುಂಬೈಯದೂ ಅದೇ ಜಾಡು.

ಗೊಂದಲವೆಲ್ಲ ಹುಟ್ಟುವುದು ಈ ಮೂರನೆಯ ದಾರಿಯಲ್ಲಿ. ಮನೆ ಮಾರಿಲ್ಲದವನ ಮನೆಯ ಬೆಲೆ ಗೊತ್ತಾಗುವುದಾದರೂ ಹೇಗೆ? ಸಾವಿರಾರು ಮನೆಗಳಿಗೆ ಒಂದೊಂದಾಗಿ ಬೆಲೆ ಕಟ್ಟುತ್ತ ಕೂರುವಷ್ಟು ಸಿಬ್ಬಂದಿ ಯಾವ ಊರಲ್ಲೂ ಇಲ್ಲ. ಆದ್ದರಿಂದ ಸುತ್ತಮುತ್ತ ಮಾರಾಟವಾದ ಮನೆಗಳನ್ನು ಒಟ್ಟು ಹಾಕಿ, ವಿಸ್ತೀರ್ಣಕ್ಕೆ ಎಷ್ಟು, ವಯಸ್ಸಿಗೆ ಎಷ್ಟು ಕಡಿತ, ಬಡಾವಣೆಗೆ ಎಷ್ಟು ಎಂದು ಒಂದು ಸೂತ್ರ ಮಾಡಿಕೊಳ್ಳುತ್ತಾರೆ. ಅದನ್ನು ಮಾರಾಟವಾಗದ ಮನೆಗಳ ಪುಟಗಳ ಮೇಲೆ ಒಮ್ಮೆಗೇ ಹರಿಸುತ್ತಾರೆ. ಸೂತ್ರ ಸರಿಯಿದೆಯೇ ಎಂದು ನೋಡಲು, ಮಾರಾಟವಾದ ಪ್ರತಿ ಮನೆಗೂ ತೆರಿಗೆ ಮೌಲ್ಯವನ್ನು ಮಾರಾಟದ ಬೆಲೆಯಿಂದ ಭಾಗಿಸುತ್ತಾರೆ. ಆ ಅನುಪಾತಗಳು ಮಧ್ಯದ ಅಂಕಿಯಿಂದ ಸರಾಸರಿ ಎಷ್ಟು ದೂರ ಚದುರಿವೆ ಎಂಬುದಕ್ಕೆ ಒಂದು ಅಳತೆ ಇದೆ. ತೆರಿಗೆ ಮೌಲ್ಯಮಾಪಕರ ಅಂತರರಾಷ್ಟ್ರೀಯ ಸಂಘದ ಮಾನದಂಡದ ಪ್ರಕಾರ ವಾಸದ ಮನೆಗಳಲ್ಲಿ ಅದು ಶೇ. 15 ದಾಟಬಾರದು. ಗಮನಿಸಿ, ಶೇ. 15 ಎಂದರೆ ಸಣ್ಣ ಅಂತರವಲ್ಲ. ಎಲ್ಲರೂ ಶಹಬ್ಬಾಸ್ ಅನ್ನುವಂತೆ ನಡೆದ ಊರಿನಲ್ಲೂ ಎಷ್ಟೋ ಮನೆಗಳ ಬೆಲೆ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಆಚೀಚೆ ಆಗಿರುತ್ತದೆ. ನಿಮ್ಮದು ಅಂಥದ್ದರಲ್ಲಿ ಒಂದಾಗಿದ್ದರೆ ಅದು ನಿಮ್ಮ ಮೇಲಿನ ಹಗೆಯಿಂದಲ್ಲ, ಸೂತ್ರದ ಸ್ವಭಾವದಿಂದ. ಇನ್ನೊಂದು ಕೆಟ್ಟ ಒಲವೂ ಈ ಸೂತ್ರಗಳಿಗಿದೆ: ಅಗ್ಗದ ಮನೆಗಳಿಗೆ ತುಸು ಹೆಚ್ಚು, ದುಬಾರಿ ಮನೆಗಳಿಗೆ ತುಸು ಕಡಿಮೆ ಬೆಲೆ ಕಟ್ಟುವುದು. ಅದನ್ನು ಹಿಡಿಯಲೂ ಅಳತೆಗಳಿವೆ. ಎಲ್ಲ ಕಚೇರಿಗಳೂ ಹಿಡಿಯಲು ಅಷ್ಟೇ ಆಸಕ್ತಿ ತೋರುವುದಿಲ್ಲ, ಅದು ಬೇರೆ ಮಾತು.

ನೀವು ಇಟ್ಟಿಗೆ ಸೇರಿಸದಿದ್ದರೂ ಕಂದಾಯ ಏಕೆ ಏರಿತು? ನಿಮ್ಮ ಊರಲ್ಲಿ ತೆರಿಗೆಯ ಶೇಕಡಾ ದರ ಮೊದಲೇ ನಿಗದಿಯಾಗಿದ್ದರೆ ಉತ್ತರ ಸುಲಭ: ಮೌಲ್ಯವನ್ನೋ ಚದರಡಿ ದರವನ್ನೋ ಪರಿಷ್ಕರಿಸಿದ್ದಾರೆ, ಅಷ್ಟರಮಟ್ಟಿಗೆ ತೆರಿಗೆಯೂ ಏರಿದೆ. ಆದರೆ ಅಮೆರಿಕದ ಬಹಳಷ್ಟು ಊರುಗಳಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಮೊದಲು ಬಜೆಟ್, ಆಮೇಲೆ ದರ. ಹತ್ತು ಮನೆಗಳ ಒಂದು ಊರು ಇದೆ ಎನ್ನಿ. ಪ್ರತಿ ಮನೆಯ ಮೌಲ್ಯ 100, ಒಟ್ಟು 1000. ಊರಿನ ಖರ್ಚಿಗೆ ಬೇಕಾದದ್ದು 10. ಪ್ರತಿ ಮನೆಗೆ 1 ಬೀಳುತ್ತದೆ. ಈಗ ಮರುಮೌಲ್ಯಮಾಪನ ನಡೆದು ಒಂಬತ್ತು ಮನೆಗಳು 200 ಆದವು, ಒಂದು ಮನೆ 300 ಆಯಿತು. ಒಟ್ಟು 2100. ಊರಿಗೆ ಬೇಕಾದದ್ದು ಈಗಲೂ 10 ಮಾತ್ರ. ಒಂಬತ್ತು ಮನೆಗಳವರು ಈಗ ಕಟ್ಟುವುದು ತಲಾ 0.95, ಮೌಲ್ಯ ದುಪ್ಪಟ್ಟಾಗಿದೆ, ತೆರಿಗೆ ಇಳಿದಿದೆ! ಹತ್ತನೆಯವನು ಕಟ್ಟುವುದು 1.43. ಅವನ ಮೌಲ್ಯ ಮೂರು ಪಟ್ಟಾದರೂ ತೆರಿಗೆ ಏರಿದ್ದು ಶೇ. 43 ಮಾತ್ರ. ಇಂಥ ಕಡೆ "ನನ್ನ ಮನೆಯ ಬೆಲೆ ಏರಿಸಿಬಿಟ್ಟರು" ಎಂಬ ಗಾಬರಿಗೆ ಅರ್ಥವಿಲ್ಲ. ಉಳಿದವರದ್ದಕ್ಕಿಂತ ಹೆಚ್ಚು ಏರಿತೇ ಎಂಬುದಷ್ಟೇ ಪ್ರಶ್ನೆ. ನಿಮ್ಮ ನೋಟಿಸಿನಲ್ಲಿ ಮೌಲ್ಯ ಮತ್ತು ದರ ಬೇರೆಬೇರೆ ಸಾಲಿನಲ್ಲಿರುತ್ತವೆ. ಹಿಂದಿನ ವರ್ಷದ ಬಿಲ್ಲನ್ನು ಪಕ್ಕದಲ್ಲಿಟ್ಟು ಯಾವ ಸಾಲು ಬದಲಾಗಿದೆ ಎಂದು ನೋಡಿ. ಮೌಲ್ಯ ಬದಲಾಗಿದ್ದರೆ ತಕರಾರು ಹಾಕಬಹುದು. ದರ ಬದಲಾಗಿದ್ದರೆ ಮೌಲ್ಯಮಾಪಕರ ಹತ್ತಿರ ಹೋಗಿ ಪ್ರಯೋಜನವಿಲ್ಲ, ಅದನ್ನು ನಿರ್ಧರಿಸಿದವರು ನೀವು ಮತ ಹಾಕಿ ಕಳಿಸಿದವರು.

ಪಕ್ಕದ ಮನೆಯವರು ಕಡಿಮೆ ಕಟ್ಟುವುದಕ್ಕೆ ಹತ್ತು ಕಾರಣಗಳಿರಬಹುದು. ಅವರದು ಸ್ವಂತ ವಾಸ, ನಿಮ್ಮ ಪುಟದಲ್ಲಿ ಬಾಡಿಗೆ ಎಂದು ಉಳಿದುಬಿಟ್ಟಿರಬಹುದು. ಅವರ ಕಟ್ಟಡ ಹಳೆಯದಾಗಿ ಸವಕಳಿ ಕಡಿತ ಹೆಚ್ಚು ಸಿಗುತ್ತಿರಬಹುದು. ಅವರು ಮೇಲೆ ಕಟ್ಟಿದ ಕೋಣೆಯನ್ನು ಯಾರಿಗೂ ತಿಳಿಸದೆಯೂ ಇರಬಹುದು. ಕೆಲವು ಕಡೆ ಕಾನೂನೇ ಈ ಅಂತರವನ್ನು ಹುಟ್ಟುಹಾಕುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಜನ ಮತ ಹಾಕಿ ತಂದ 'ಪ್ರೊಪೊಸಿಷನ್ 13' ಪ್ರಕಾರ, ಮನೆ ಕೈ ಬದಲಾಗುವ ತನಕ ಅಥವಾ ಹೊಸದಾಗಿ ಕಟ್ಟುವ ತನಕ ತೆರಿಗೆ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಮೂವತ್ತು ವರ್ಷದ ಹಿಂದೆ ಕೊಂಡವರು, ಹೋದ ವರ್ಷ ಕೊಂಡವರು, ಅಕ್ಕಪಕ್ಕದ ತದ್ರೂಪಿ ಮನೆಗಳು, ಆದರೂ ತೆರಿಗೆಯಲ್ಲಿ ಅಜಗಜಾಂತರ. ಅಮೆರಿಕದ ಸುಪ್ರೀಂ ಕೋರ್ಟ್ 1992ರಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ಕೋರ್ಟ್ ಮೂರು ವರ್ಷ ಮುಂಚೆ, 1989ರಲ್ಲಿ, ವೆಸ್ಟ್ ವರ್ಜೀನಿಯಾದ ಒಂದು ಪ್ರಕರಣದಲ್ಲಿ ಹೀಗೆಯೇ ಕಾಣುವ ಅಂತರವನ್ನು ಹೊಡೆದುಹಾಕಿತ್ತು. ಅಲ್ಲಿ ಹೊಸದಾಗಿ ಮಾರಾಟವಾದ ಜಮೀನಿಗೆ ನೆರೆಯ ಅಂಥದೇ ಜಮೀನಿನ 8ರಿಂದ 35 ಪಟ್ಟು ಮೌಲ್ಯ ಹಾಕಲಾಗಿತ್ತು. ಒಂದು ಕಡೆ ರಾಜ್ಯದ ಕಾನೂನೇ ಹಾಗೆ ಹೇಳಿತ್ತು. ಇನ್ನೊಂದು ಕಡೆ ಕಾನೂನು ಸಮಾನತೆ ಕೇಳುತ್ತಿದ್ದರೂ ಸ್ಥಳೀಯ ಅಧಿಕಾರಿ ತನ್ನಿಷ್ಟದಂತೆ ಮಾಡಿದ್ದರು. ಹಾಗಾಗಿ ಪಕ್ಕದವರ ಬಿಲ್ಲನ್ನು ತೋರಿಸುವ ಮೊದಲು ಎರಡೂ ಪುಟಗಳನ್ನು ಎದುರುಬದುರು ಇಟ್ಟು ವ್ಯತ್ಯಾಸ ಎಲ್ಲಿದೆ ಎಂದು ಹುಡುಕಿ. ಬರೀ ಬಿಲ್ಲು ತೋರಿಸಿದರೆ ಆಗುವ ಅಪಾಯವೆಂದರೆ, ನಿಮ್ಮದು ಇಳಿಯುವ ಬದಲು ಅವರದು ಏರುತ್ತದೆ. ಆಮೇಲೆ ಬೇಲಿಯಾಚೆಯಿಂದ ಒಂದು ಬೋಗುಣಿ ಸಾರೂ ಬರುವುದಿಲ್ಲ.

ಈಗ ಪರಿಶೀಲನೆಗೆ ಬರೋಣ. ಬಾಗಿಲು ತಟ್ಟುವ ಅಧಿಕಾರಿಯ ಬಗ್ಗೆ ಜನರಿಗಿರುವ ಸಿಟ್ಟು ಇವತ್ತಿನದಲ್ಲ. ಇಂಗ್ಲೆಂಡಿನಲ್ಲಿ 1662ರಲ್ಲಿ ಒಲೆಗೆ ತೆರಿಗೆ ಹಾಕಿದರು. ಎಷ್ಟು ಒಲೆ ಎಂದು ಎಣಿಸಲು ಮನೆಯೊಳಗೇ ನುಗ್ಗಬೇಕಿತ್ತು. ಜನ ಎಷ್ಟು ರೊಚ್ಚಿಗೆದ್ದರೆಂದರೆ 1689ರಲ್ಲಿ ಹೊಸ ಅರಸ ಪಟ್ಟಕ್ಕೆ ಬಂದೊಡನೆ ಅದನ್ನು ಕೈಬಿಡಬೇಕಾಯಿತು. 1696ರಲ್ಲಿ ಬದಲಿಗೆ ತಂದದ್ದು ಕಿಟಕಿ ತೆರಿಗೆ, ಕಿಟಕಿಗಳನ್ನಾದರೆ ಬೀದಿಯಲ್ಲಿ ನಿಂತೇ ಎಣಿಸಬಹುದಲ್ಲ! ಜನ ಕಿಟಕಿಗಳನ್ನೇ ಇಟ್ಟಿಗೆಯಿಂದ ಮುಚ್ಚಿಸಿ ಕತ್ತಲಲ್ಲಿ ಕೂತರು. 1851ರ ತನಕ ಅದು ನಡೆಯಿತು. ಒಳಗೆ ಹೋಗದೆ ಅಳೆಯುವ ಆಸೆ ಮಾತ್ರ ಕಂದಾಯದವರನ್ನು ಬಿಟ್ಟಿಲ್ಲ. 2010ರಲ್ಲಿ ಗ್ರೀಸಿನವರು ಉಪಗ್ರಹ ಚಿತ್ರ ಹಿಡಿದು ಅಥೆನ್ಸಿನ ಸಿರಿವಂತ ಉಪನಗರಗಳಲ್ಲಿ ಈಜುಕೊಳ ಎಣಿಸಿದರು. ಘೋಷಿಸಿಕೊಂಡವರು 324 ಮಂದಿ, ಚಿತ್ರದಲ್ಲಿ ಕಂಡದ್ದು 16,974. ಫ್ರಾನ್ಸಿನವರು 2022ರಲ್ಲಿ ವೈಮಾನಿಕ ಚಿತ್ರಗಳನ್ನು ಕಂಪ್ಯೂಟರಿಗೆ ಉಣಿಸಿ, ಒಂಬತ್ತು ಜಿಲ್ಲೆಗಳಲ್ಲೇ 20,000ಕ್ಕೂ ಹೆಚ್ಚು ಲೆಕ್ಕಕ್ಕೆ ಸೇರದ ಕೊಳಗಳನ್ನು ಪತ್ತೆಹಚ್ಚಿದರು. ನಿಮ್ಮ ತಾರಸಿಯ ಮೇಲಿನ ಹೊಸ ಕೋಣೆ ಯಾರ ಕಣ್ಣಿಗೂ ಬಿದ್ದಿಲ್ಲ ಎಂದುಕೊಂಡಿದ್ದರೆ ಆ ನಂಬಿಕೆಯನ್ನು ಬಿಡಿ.

ಪರಿಶೀಲನೆಗೆ ಬರುವವರು ಸುಮ್ಮನೆ ಬರುವುದಿಲ್ಲ. ಕಟ್ಟಡ ಪರವಾನಗಿ ತೆಗೆದಿರಬಹುದು, ಮನೆ ಮಾರಾಟವಾಗಿರಬಹುದು, ಯಾರಾದರೂ ತಕರಾರು ಹಾಕಿರಬಹುದು, ಸ್ವಯಂ ಘೋಷಣೆಯಲ್ಲಿ ಬರೆದದ್ದು ನಿಜವೇ ಎಂದು ನೋಡಬೇಕಿರಬಹುದು. ಇದ್ಯಾವುದೂ ಅಲ್ಲದೆ ಬರೀ ಸರದಿಯೂ ಇರಬಹುದು. ನಾನು ಮೇಲೆ ಹೇಳಿದ ಸಂಘದ ಸಲಹೆಯೇ ನಾಲ್ಕರಿಂದ ಆರು ವರ್ಷಕ್ಕೊಮ್ಮೆಯಾದರೂ ಪ್ರತಿ ಆಸ್ತಿಯ ವಿವರ ತಾಳೆ ನೋಡಬೇಕೆಂಬುದು. ನಿಮಗೆ ಬಂದ ಪತ್ರದಲ್ಲಿ ಕಾರಣ ಬರೆದಿಲ್ಲದಿದ್ದರೆ ಕೇಳಿ. ಕೇಳುವುದು ಉದ್ಧಟತನವಲ್ಲ.

ಬಂದವರು ಮಾಡುವ ಕೆಲಸ ಬಹುಪಾಲು ಹೊರಗಡೆಯದೇ. ಟೇಪಿನಲ್ಲೋ ಲೇಸರ್ ಯಂತ್ರದಲ್ಲೋ ಹೊರಗೋಡೆಗಳ ಉದ್ದಗಲ ಅಳೆದು, ನಕ್ಷೆ ಗೀಚಿ, ಫೋಟೊ ತೆಗೆಯುತ್ತಾರೆ. ಹೊರಗಿನಿಂದ ಅಳೆದರೆ ಗೋಡೆಯ ದಪ್ಪವೂ ವಿಸ್ತೀರ್ಣಕ್ಕೆ ಸೇರುತ್ತದೆ. ನೀವು ಒಳಗೆ ಅಳೆದುಕೊಂಡ ಅಂಕಿಗೂ ಅವರದ್ದಕ್ಕೂ ಹೊಂದಿಕೆಯಾಗದಿದ್ದರೆ ಮೋಸ ಎಂದು ಹಾರಾಡಬೇಡಿ, ಮೊದಲು ಯಾವ ವಿಸ್ತೀರ್ಣಕ್ಕೆ ತೆರಿಗೆ ಎಂದು ನಿಯಮ ಹೇಳುತ್ತದೆ ನೋಡಿ. ಒಳಗೆ ಬಂದರೆ ಸ್ನಾನದ ಮನೆ ಎಷ್ಟು, ನೆಲಮಾಳಿಗೆ ಬಳಕೆಯಲ್ಲಿದೆಯೇ, ನೆಲಕ್ಕೆ ಏನು ಹಾಸಿದೆ, ಕಟ್ಟಡದ ಸ್ಥಿತಿ ಹೇಗಿದೆ ಎಂದು ಗುರುತು ಹಾಕಿಕೊಳ್ಳುತ್ತಾರೆ. ಸಾಮಾನ್ಯ ಮನೆಗೆ ಅರ್ಧ ಗಂಟೆ ಸಾಕು. ಸೋಫಾ, ಟಿವಿ, ಗೋಡೆಯ ಹೊಸ ಬಣ್ಣ ಯಾವುದೂ ಲೆಕ್ಕಕ್ಕಿಲ್ಲ. ನಾನು ಬರುತ್ತೇನೆಂದು ತಿಳಿದು ಮನೆಯವರು ಮಂಚದ ಮೇಲೆ ಹಳೇ ಗೋಣಿಚೀಲ ಹಾಸಿ ಬಡತನ ತೋರಿಸಿದ್ದೂ ಉಂಟು. ಗೋಣಿಚೀಲಕ್ಕೆ ಪುಟದಲ್ಲಿ ಕಾಲಮ್ಮೇ ಇಲ್ಲ. ಆದರೆ ಸೋರುವ ಚಾವಣಿಗೆ, ಬಿರುಕು ಬಿಟ್ಟ ಅಡಿಪಾಯಕ್ಕೆ ಇದೆ. ಕಟ್ಟಡದ ಸ್ಥಿತಿ ನೋಡಿ ಬೆಲೆ ಕಟ್ಟುವ ಊರುಗಳಲ್ಲಿ ಹಳೆಯ ಮನೆಗೆ ಎರಡು ವಯಸ್ಸು: ಕಟ್ಟಿ ಎಷ್ಟು ವರ್ಷವಾಯಿತು ಎಂಬುದು ಒಂದು, ನೋಡಿದರೆ ಎಷ್ಟು ವರ್ಷದ್ದೆನಿಸುತ್ತದೆ ಎಂಬುದು ಇನ್ನೊಂದು. ಸವಕಳಿ ಕಡಿತ ಸಿಗುವುದು ಎರಡನೆಯದಕ್ಕೆ. ಬೀದಿಯಲ್ಲಿ ನಿಂತು ನೋಡಿದವನಿಗೆ ನಿಮ್ಮ ಚಾವಣಿ ಸೋರುವುದು ಕಾಣುವುದಿಲ್ಲ.

ಒಳಗೆ ಬಿಡಲೇಬೇಕೇ ಎಂಬುದು ಕಾನೂನಿನ ಪ್ರಶ್ನೆ, ದೇಶಕ್ಕೆ ತಕ್ಕಂತೆ ಉತ್ತರ ಬೇರೆ. ಭಾರತದ ನಗರಾಡಳಿತ ಕಾಯ್ದೆಗಳಲ್ಲಿ ಸಾಮಾನ್ಯವಾಗಿ ಮುನ್ಸೂಚನೆ ಕೊಟ್ಟು, ಹಗಲು ಹೊತ್ತಿನಲ್ಲಿ ಬಂದು ಅಳತೆ ಮಾಡುವ ಅಧಿಕಾರವಿದೆ. ಮುನ್ಸೂಚನೆ, ಹಗಲು, ಈ ಎರಡೂ ನಿಮ್ಮ ರಕ್ಷಣೆಗೆ ಇರುವವು. ಅಮೆರಿಕದಲ್ಲಿ ಮನೆಯವರು ಒಪ್ಪದಿದ್ದರೆ ಆಡಳಿತದ ತಪಾಸಣೆಗೂ ವಾರಂಟ್ ಬೇಕೆಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತು. ಸ್ಯಾನ್ ಫ್ರಾನ್ಸಿಸ್ಕೊದ ಬಾಡಿಗೆದಾರರೊಬ್ಬರು ವಸತಿ ತಪಾಸಣೆಗೆ ಬಂದವರನ್ನು ಒಳಗೆ ಬಿಡದ ಪ್ರಕರಣ ಅದು. ವಿಸ್ಕಾನ್ಸಿನ್‌ನಲ್ಲಿ ತೆರಿಗೆ ಮೌಲ್ಯಮಾಪಕರನ್ನು ಒಳಗೆ ಬಿಡದವರಿಗೆ ಮೇಲ್ಮನವಿಯ ಹಕ್ಕೇ ಇಲ್ಲ ಎಂಬ ಕಟ್ಟಳೆಯಿತ್ತು. ಆ ರಾಜ್ಯದ ಸುಪ್ರೀಂ ಕೋರ್ಟ್ 2017ರಲ್ಲಿ ಅದು ಸಲ್ಲದು ಎಂದಿತು. ಹಕ್ಕು ಇರಬಹುದು, ಆದರೆ ಬಾಗಿಲು ಹಾಕಿಕೊಂಡರೆ ಲೆಕ್ಕ ನಿಲ್ಲುವುದಿಲ್ಲ. ಹೊರಗಿನಿಂದ ಕಂಡದ್ದರ ಮೇಲೆ ಅಂದಾಜು ಮಾಡುತ್ತಾರೆ, ಕಾಣದ್ದನ್ನು ಅಂದಾಜಿಸುವವರು ನಿಮ್ಮ ಪರವಾಗಿ ಅಂದಾಜಿಸುವುದು ಅಪರೂಪ. ಮುಂದೆ ನೀವು ತಕರಾರು ಹಾಕಿದಾಗ "ತೋರಿಸಲಿಲ್ಲವಲ್ಲ" ಎಂಬ ಮಾತೂ ಬರುತ್ತದೆ.

ನನ್ನ ಸಲಹೆ ಕೇಳಿದರೆ, ನಿಮ್ಮ ಸಂದರ್ಭದಲ್ಲಿ ಬಿಡಿ. ಹತ್ತು ವರ್ಷದಿಂದ ಏನೂ ಸೇರಿಸಿಲ್ಲ ಎನ್ನುತ್ತೀರಿ. ಹಾಗಿದ್ದರೆ ಮುಚ್ಚಿಡಲು ಏನೂ ಇಲ್ಲ, ತೋರಿಸಲು ಬೇಕಾದಷ್ಟಿದೆ. ಗುರುತಿನ ಚೀಟಿ ಕೇಳಿ ನೋಡಿ. ಅವರೊಂದಿಗೆ ನೀವೂ ಸುತ್ತಿ, ಪ್ರತಿ ಅಳತೆಯನ್ನು ನಿಮ್ಮ ಚೀಟಿಯಲ್ಲೂ ಬರೆದುಕೊಳ್ಳಿ. ಪುಟದಲ್ಲಿ ಕಂಡ ತಪ್ಪುಗಳನ್ನು ಸ್ಥಳದಲ್ಲೇ ತೋರಿಸಿ. ಸಹಿ ಹಾಕಿಸಿಕೊಳ್ಳಲು ಕಾಗದ ಕೊಟ್ಟರೆ ಓದಿ ಹಾಕಿ, ಖಾಲಿ ಜಾಗ ಬಿಟ್ಟ ಕಾಗದಕ್ಕೆ ಹಾಕಬೇಡಿ. ಒಂದು ವೇಳೆ ಹತ್ತು ವರ್ಷಕ್ಕೆ ಹಿಂದಿನದು ಏನಾದರೂ, ಘೋಷಿಸದ ಮಹಡಿಯೋ ಅಂಗಡಿ ಮಳಿಗೆಯೋ ಇದ್ದರೆ, ಅವರು ಬರುವ ಮೊದಲೇ ನೀವಾಗಿ ತಿದ್ದುಪಡಿ ಘೋಷಣೆ ಕೊಡಿ. ತಾನಾಗಿ ಹೇಳಿದವರಿಗೂ ಸಿಕ್ಕಿಬಿದ್ದವರಿಗೂ ದಂಡದಲ್ಲಿ ಬಹಳ ಕಡೆ ವ್ಯತ್ಯಾಸವಿದೆ. ಅಂದಹಾಗೆ, ಕಂದಾಯ ಕಟ್ಟಿದ ಮಾತ್ರಕ್ಕೆ ಪರವಾನಗಿಯಿಲ್ಲದ ಕಟ್ಟಡ ಸಕ್ರಮವಾಗುವುದಿಲ್ಲ, ರಸೀದಿ ಇದೆಯೆಂದು ಮಾಲೀಕತ್ವವೂ ಸಾಬೀತಾಗುವುದಿಲ್ಲ. ಈ ಎರಡು ಭ್ರಮೆಗಳಿಂದ ಜನ ಎಷ್ಟು ಹಣ ಕಳೆದುಕೊಂಡಿದ್ದಾರೋ ಲೆಕ್ಕವಿಲ್ಲ.

ತಕರಾರು ಹಾಕುವುದೇ ಆದರೆ ಗಡುವು ಮೊದಲು. ನೋಟಿಸು ಕೈಗೆ ಬಂದ ದಿನದಿಂದ ಎಣಿಕೆ ಶುರುವಾಗಿರಬಹುದು, ಅದು ದಾಟಿದರೆ ಎಂಥ ನ್ಯಾಯವಾದ ಅಹವಾಲೂ ಮುಂದಿನ ವರ್ಷಕ್ಕೆ ಹೋಗುತ್ತದೆ. "ನನ್ನ ಸಂಬಳ ಏರಿಲ್ಲ", "ಬೀದಿ ದೀಪ ಉರಿಯುವುದಿಲ್ಲ", "ಒಂದೇ ವರ್ಷಕ್ಕೆ ಇಷ್ಟೇ?" ಇವು ನಿಜವಿರಬಹುದು, ಮೇಲ್ಮನವಿ ಕೇಳುವವರ ಮುಂದೆ ನಿಲ್ಲುವುದಿಲ್ಲ. ನಿಲ್ಲುವುದು ಎರಡೇ ಬಗೆಯ ಮಾತು. ಪುಟದಲ್ಲಿರುವ ಈ ಅಂಕಿ ತಪ್ಪು, ಇದೋ ಅಳತೆ, ಇದೋ ಫೋಟೊ, ಇದು ಮೊದಲನೆಯದು. ಇದೇ ಅಳತೆಯ, ಇದೇ ವಯಸ್ಸಿನ, ಇದೇ ಬೀದಿಯ ಇಷ್ಟು ಮನೆಗಳಿಗೆ ಕಡಿಮೆ ಮೌಲ್ಯವಿದೆ ಅಥವಾ ಅವು ಇಷ್ಟು ಕಡಿಮೆ ಬೆಲೆಗೆ ಮಾರಾಟವಾಗಿವೆ ಎಂಬುದು ಎರಡನೆಯದು. ಎರಡನೆಯದಕ್ಕೆ ಹೋಗುವವರು ಮೌಲ್ಯ ನಿಗದಿಯ ದಿನಾಂಕ ಯಾವುದೆಂದು ತಿಳಿದಿರಬೇಕು. ಇಂಗ್ಲೆಂಡಿನ ಕೌನ್ಸಿಲ್ ತೆರಿಗೆಗೆ ಇವತ್ತಿಗೂ 1991ರ ಏಪ್ರಿಲ್ 1ರ ಬೆಲೆಯೇ ಆಧಾರ. ನಿನ್ನೆ ಮೊನ್ನೆ ಕಟ್ಟಿದ ಮನೆಗೂ, ಅದು ಆ ದಿನ ಇದ್ದಿದ್ದರೆ ಎಷ್ಟಕ್ಕೆ ಮಾರಾಟವಾಗುತ್ತಿತ್ತು ಎಂದು ಊಹಿಸಿ ಎಂಟು ದರ್ಜೆಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ. ಅಲ್ಲಿ ಹೋದ ತಿಂಗಳ ಮಾರಾಟದ ಪತ್ರ ತಂದು ತೋರಿಸಿದರೆ ಏನೂ ಗಿಟ್ಟುವುದಿಲ್ಲ. ಇನ್ನು, ಮೇಲ್ಮನವಿಯಲ್ಲಿ ಮೌಲ್ಯ ಇಳಿಯುವಂತೆ ಏರುವುದೂ ಹಲವು ಕಡೆ ಸಾಧ್ಯ. ನಿಮ್ಮ ಪುಟದಲ್ಲಿ ನಿಮಗೆ ಅನುಕೂಲವಾದ ತಪ್ಪೂ ಒಂದಿದ್ದರೆ ಎರಡನ್ನೂ ತೂಗಿ ನೋಡಿ ಹೆಜ್ಜೆ ಇಡಿ.

ವಿಚಾರಣೆ ನಡೆಯುತ್ತಿದೆ ಎಂದು ಕಂದಾಯ ಕಟ್ಟದೆ ಕೂರಬೇಡಿ. ಭಾರತದಲ್ಲಿ ಎಷ್ಟೋ ಕಡೆ ತೆರಿಗೆ ಕಟ್ಟಿದ ಮೇಲೆಯೇ ಮೇಲ್ಮನವಿ ಕೇಳುವುದು, ಬಡ್ಡಿಯಂತೂ ನಿಮ್ಮ ನ್ಯಾಯಾನ್ಯಾಯ ನೋಡದೆ ಬೆಳೆಯುತ್ತದೆ. ಕಟ್ಟುವಾಗ ಆಕ್ಷೇಪಣೆಗೆ ಒಳಪಟ್ಟು ಕಟ್ಟುತ್ತಿದ್ದೇನೆ ಎಂದು ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.

ಪರಿಶೀಲನೆ ಮುಗಿದು ಒಂದೆರಡು ವಾರವಾದ ಮೇಲೆ ಮತ್ತೆ ಕಚೇರಿಗೆ ಹೋಗಿ ತಿದ್ದಿದ ಪುಟದ ಪ್ರತಿ ಕೇಳಿ. ಅಳತೆಗೆ ಬಂದವರು ತಮ್ಮ ಚೀಟಿಯಲ್ಲಿ ಬರೆದುಕೊಂಡದ್ದು ಕಂಪ್ಯೂಟರಿಗೆ ಏರದೆ ಉಳಿಯುವುದು ತೀರಾ ಸಾಮಾನ್ಯ. ನಾನೇ ಆ ತಪ್ಪು ಮಾಡಿದ್ದೇನೆ. ಮೇಲೆ ಹೇಳಿದ ಹಿರಿಯರ ಶೆಡ್ಡನ್ನು ನನ್ನ ಚೀಟಿಯಲ್ಲಿ ಹೊಡೆದುಹಾಕಿದ ಮೇಲೂ ಅದು ಇನ್ನೊಂದು ವರ್ಷ ಬಿಲ್ಲಿನಲ್ಲಿ ಬಂತು.